ಹೆಸರೂ ನಾದವೂ

ಒಂದು ವಸ್ತುವನ್ನು ಮೆಚ್ಚಿದೆವು ಎನ್ನುವಾಗ ನಾವು ನಿಜವಾಗಿ ಮೆಚ್ಚಿದ್ದು ಏನನ್ನು? ಆ ವಸ್ತುವನ್ನೋ, ಅದಕ್ಕೆ ಅಂಟಿಕೊಂಡಿರುವ ಹೆಸರನ್ನೋ? ಪ್ರಶ್ನೆ ಹಳೆಯದು. ನನಗೆ ಮಾತ್ರ ಅದು ಎದುರಾದದ್ದು ಒಂದು ಎಲೆಕ್ಟ್ರಿಕ್ ಗಿಟಾರಿನ ಮೂಲಕ. ಕನ್ನಡ ಪಾಠ ಹೇಳುವವನಿಗೂ ಆ ವಾದ್ಯಕ್ಕೂ ಏನು ನಂಟು ಎಂದು ಓದುಗರು ಹುಬ್ಬೇರಿಸಬಹುದು. ನಂಟನ್ನು ನಾನು ಹುಡುಕಿಕೊಂಡು ಹೋದದ್ದಲ್ಲ. ಅದೇ ನಮ್ಮ ನಡುಮನೆಗೆ ಬಂದು ಕುಳಿತಿತು.

ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನಮ್ಮ ಮನೆಯಲ್ಲೇ ಇದ್ದಾನೆ. ಹುಡುಗ ಒಳ್ಳೆಯವನು, ಗಿಟಾರಿನ ಹುಚ್ಚೊಂದನ್ನು ಬಿಟ್ಟರೆ ಬೇರೆ ಚಟವಿಲ್ಲ. ಶಾಲೆಯ ದಿನಗಳಿಂದ ಅವನಿಗೆ ಒಂದೇ ಕನಸು: ತಲೆಯ ಮೇಲೆ ‘ಫೆಂಡರ್’ ಎಂದು ಬರೆದಿರುವ ಗಿಟಾರು ತನ್ನದಾಗಬೇಕು. ಅದಕ್ಕಾಗಿ ತಿಂಗಳು ತಿಂಗಳೂ ಸಂಬಳದಲ್ಲಿ ಇಷ್ಟಿಷ್ಟು ಎತ್ತಿಡುತ್ತಿದ್ದ. ಹೀಗಿರುವಾಗ ಹೊರದೇಶಕ್ಕೆ ಹೊರಟ ಗೆಳೆಯನೊಬ್ಬ ತನ್ನ ಹಳೆಯ ಗಿಟಾರನ್ನು ಮಾರಬೇಕೆಂದು ಇವನ ಕೈಗೆ ಕೊಟ್ಟ: ಒಂದು ವಾರ ನುಡಿಸಿ ನೋಡು, ಬೇಕಾದರೆ ಇಟ್ಟುಕೋ ಎಂದು. ಅದರ ತಲೆಯ ಮೇಲೆ ಇದ್ದದ್ದು ‘ಜಿ ಅಂಡ್ ಎಲ್’ ಎಂಬ ಮೂರಕ್ಷರ.

“ಯಾವುದೋ ಊರು ಹೆಸರಿಲ್ಲದ್ದು, ಮಾವ. ಬೇಡ ಅನ್ನೋದಕ್ಕೆ ದಾಕ್ಷಿಣ್ಯ, ಅದಕ್ಕೇ ತಂದೆ” ಎಂದು ಅವನು ಅದನ್ನು ಗೋಡೆಗೆ ಒರಗಿಸಿದ.

ನಾನೂ ಅವನಿಗಿಂತ ಮೇಲೇನಲ್ಲ. ವೀಣೆಯ ದನಿ ಕೇಳಿ ಬೆಳೆದವನು ನಾನು. ವೀಣೆಗೆ ಕುಡವಿದೆ, ತಂತಿಯ ನಡುಕ ಆ ಟೊಳ್ಳಿನಲ್ಲಿ ತುಂಬಿ ನಾದವಾಗಿ ಹೊರಡುತ್ತದೆ. ಈ ಗಿಟಾರಿಗೆ ಹೊಟ್ಟೆಯೇ ಇಲ್ಲ. ಗಟ್ಟಿ ಮರದ ಒಂದು ಹಲಗೆ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತ, ಅದಕ್ಕೆ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತು. ತಂತಿ ಮಿಡಿದಾಗ ಆ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಆಂಪ್ಲಿಫೈಯರು ಅದನ್ನು ಹಿಗ್ಗಿಸಿ ದನಿಯಾಗಿಸುತ್ತದೆ. ಹೀಗೆ ಹುಟ್ಟಿದ್ದು ಸದ್ದೇ ಹೊರತು ನಾದವಲ್ಲ ಎಂಬುದು ನನ್ನ ತೀರ್ಪಾಗಿತ್ತು. ತೀರ್ಪು ಕೊಡುವ ಮುನ್ನ ಹತ್ತು ನಿಮಿಷ ಕುಳಿತು ಕೇಳಿದ್ದೆನೆ? ಇಲ್ಲ. ಅವನು ತಲೆಯ ಮೇಲಿನ ಹೆಸರು ನೋಡಿ ಗಿಟಾರನ್ನು ತಳ್ಳಿದ. ನಾನು ಜಾತಿಯ ಹೆಸರು ಕೇಳಿ ವಾದ್ಯವನ್ನೇ ತಳ್ಳಿದ್ದೆ. ವ್ಯತ್ಯಾಸ ಇಷ್ಟೆ.

ಎರಡನೆಯ ದಿನ ದಾಕ್ಷಿಣ್ಯಕ್ಕೆಂದು ಅವನು ಅದನ್ನು ಕೈಗೆತ್ತಿಕೊಂಡ. ಮೂರನೆಯ ದಿನ ಅರ್ಧ ಗಂಟೆ ನುಡಿಸಿದ. ಐದನೆಯ ರಾತ್ರಿ ಊಟವಾದ ಮೇಲೂ ಕೋಣೆಯಿಂದ ದನಿ ಬರುತ್ತಲೇ ಇತ್ತು. ನಾನು ಉತ್ತರಪತ್ರಿಕೆಗಳನ್ನು ನೋಡುತ್ತ ಕುಳಿತಿದ್ದವನು ಲೇಖನಿ ಕೆಳಗಿಟ್ಟೆ. ಐದೇ ಸ್ವರಗಳ ಓಡಾಟ. ನನ್ನ ಕಿವಿಗೆ ಅದು ಶುದ್ಧ ಧನ್ಯಾಸಿಯ ನೆರಳಿನಂತೆ ಕೇಳಿಸಿತು. ಅವನ ಪಾಲಿಗೆ ಅದು ಅಮೆರಿಕದ ಕರಿಯರ ಬ್ಲೂಸ್ ಸಂಗೀತ. ಒಂದೊಂದು ಸ್ವರವೂ ಬೆರಳಿನ ಒತ್ತಡಕ್ಕೆ ಬಾಗಿ, ಗಮಕವಲ್ಲದಿದ್ದರೂ ಗಮಕದ ಬಳಗವೆನ್ನುವಂತೆ ಎಳೆಯುತ್ತಿತ್ತು. ಬೆಳಗ್ಗೆ ನಾನು ಕೇಳಿದೆ: “ಹೋದ ತಿಂಗಳು ಯಾರದ್ದೋ ಒಂದನ್ನು ತಂದಿದ್ದೆಯಲ್ಲ, ಅದಕ್ಕಿಂತ ಇದರ ದನಿ ಚೆನ್ನಾಗಿದೆ ಕಣೋ.”

“ಅದು ಫೆಂಡರ್, ಮಾವ” ಎಂದು ನಕ್ಕ. ಆ ನಗುವಿನಲ್ಲಿ ‘ನಿಮಗೇನು ಗೊತ್ತು’ ಎಂಬುದೂ ಇತ್ತು. ಸ್ವಲ್ಪ ಅಳುಕೂ ಇತ್ತು.

ಆರನೆಯ ದಿನ ಸಂಜೆ ಕಚೇರಿಯಿಂದ ಬಂದವನು ಚಪ್ಪಲಿ ಬಿಡುವ ಮೊದಲೇ ಕೂಗಿದ: “ಮಾವ, ಇದನ್ನು ಮಾಡಿದ್ದು ಯಾರು ಗೊತ್ತೆ? ಅವನೇ! ಲಿಯೊ ಫೆಂಡರ್!”

ಅವನು ಹೇಳಿದ ಕಥೆಯನ್ನು ನಾನೂ ಆಮೇಲೆ ಓದಿ ತಿಳಿದುಕೊಂಡೆ. ಲಿಯೊ ಫೆಂಡರ್ 1909ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಹುಟ್ಟಿದವನು. ರೇಡಿಯೊ ರಿಪೇರಿಯ ಅಂಗಡಿ ಇಟ್ಟಿದ್ದವನು. ವಿಚಿತ್ರವೆಂದರೆ ಆತನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ನುಡಿಸುವವರನ್ನು ಕರೆದು, ಅವರ ಮಾತು ಕೇಳಿ, ತಿದ್ದಿ ತಿದ್ದಿ ಮಾಡಿದ. 1950ರ ಸುಮಾರಿಗೆ ಆತ ಗಟ್ಟಿ ಹಲಗೆಯ ಗಿಟಾರನ್ನು ಮಾರುಕಟ್ಟೆಗೆ ತಂದಾಗ ಇದೇನು ದೋಣಿಯ ಹುಟ್ಟೇ ಎಂದು ಹಾಸ್ಯ ಮಾಡಿದವರಿದ್ದರು. ಅದೇ ಮುಂದೆ ಟೆಲಿಕಾಸ್ಟರ್ ಎಂದು ಹೆಸರಾಯಿತು. 1954ರಲ್ಲಿ ಸ್ಟ್ರಾಟೊಕಾಸ್ಟರ್ ಬಂದಿತು. ಅಂದು ‘ಫೆಂಡರ್’ ಎಂಬುದೇ ಊರು ಹೆಸರಿಲ್ಲದ ಹೊಸದು! 1965ರಲ್ಲಿ, ಆರೋಗ್ಯ ಕೆಟ್ಟಿದ್ದ ಆತ ತನ್ನ ಕಂಪನಿಯನ್ನು ಸಿ.ಬಿ.ಎಸ್. ಸಂಸ್ಥೆಗೆ 1 ಕೋಟಿ 30 ಲಕ್ಷ ಡಾಲರುಗಳಿಗೆ ಮಾರಿದ. ಕಾರ್ಖಾನೆಯ ಜೊತೆಗೆ ಹೆಸರೂ ಹೋಯಿತು. ಆರೋಗ್ಯ ಸುಧಾರಿಸಿದ ಮೇಲೆ ಕೈ ಸುಮ್ಮನಿರಲಿಲ್ಲ. ಕೆಲವು ಕಾಲ ಮ್ಯೂಸಿಕ್ ಮ್ಯಾನ್ ಎಂಬ ಹೆಸರಿಗೆ ದುಡಿದು, 1980ರ ಹೊತ್ತಿಗೆ ಹಳೆಯ ಒಡನಾಡಿ ಜಾರ್ಜ್ ಫುಲರ್ಟನ್ ಜೊತೆ ಇನ್ನೊಂದು ಕಂಪನಿ ಕಟ್ಟಿದ. ಜಾರ್ಜ್‌ನ ‘ಜಿ’, ಲಿಯೊನ ‘ಎಲ್’. ‘ಫೆಂಡರ್’ ಎಂದು ಕಂಪನಿಗೆ ಹೆಸರಿಡಲು ಆ ಫೆಂಡರನಿಗೇ ಹಕ್ಕಿರಲಿಲ್ಲ. 1991ರಲ್ಲಿ ಸಾಯುವವರೆಗೂ ಆತ ತನ್ನ ಕಮ್ಮಟದಲ್ಲಿ ಕೆಲಸ ಮಾಡುತ್ತಲೇ ಇದ್ದ. ಪ್ರತಿ ತಂತಿಯ ಕೆಳಗಿನ ಕಬ್ಬಿಣದ ತಿರುಪನ್ನು ಏರಿಸಿ ಇಳಿಸಿ, ಆಯಾ ತಂತಿಯ ದನಿಯನ್ನು ಬೇರೆ ಬೇರೆಯಾಗಿ ಹದಗೊಳಿಸುವ ಹೊಸ ಬಗೆಯ ಪಿಕಪ್ಪು ಆ ಕೊನೆಯ ವರ್ಷಗಳದ್ದು. ನಮ್ಮ ಮನೆಯ ಗಿಟಾರಿನಲ್ಲಿ ಇರುವುದೂ ಅದೇ.

ಹುಡುಗನ ಸಂತೋಷಕ್ಕೆ ಪಾರವಿರಲಿಲ್ಲ. ನನಗೆ ಮಾತ್ರ ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚಿತು. ಐದನೆಯ ರಾತ್ರಿ ಅವನ ಬೆರಳುಗಳು ಆ ಗಿಟಾರನ್ನು ಒಪ್ಪಿದ್ದವು. ಬಾಯಿ ಒಪ್ಪಿರಲಿಲ್ಲ. ಬಾಯಿ ಒಪ್ಪಲು ಆರನೆಯ ದಿನದ ಆ ಸುದ್ದಿ ಬೇಕಾಯಿತು. ಒಂದು ಹೆಸರು ತಡೆದಿದ್ದ ಬಾಗಿಲನ್ನು ಇನ್ನೊಂದು ಹೆಸರು ಬಂದು ತೆರೆಯಿತು. ಆದರೆ ಎರಡು ರಾತ್ರಿಗಳ ನಡುವೆ ತಂತಿಯಲ್ಲಾಗಲಿ ಮರದಲ್ಲಾಗಲಿ ಬದಲಾದದ್ದೇನೂ ಇಲ್ಲ. ಅದನ್ನು ಮಾಡಿದವನು ಯಾರೋ ಅನಾಮಧೇಯ ಬಡಗಿ ಆಗಿದ್ದಿದ್ದರೆ ಆ ನಾದ ಕಡಮೆಯದಾಗುತ್ತಿತ್ತೆ? ಹಾಗೆಂದು ಅವನನ್ನು ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, “ಇಲ್ಲ ಮಾವ. ಆದರೆ ಆಗ ನಾನು ಕೊಳ್ಳುತ್ತಿರಲಿಲ್ಲ” ಎಂದ. ಪ್ರಾಮಾಣಿಕವಾದ ಉತ್ತರ.

ಹೆಸರನ್ನು ನಂಬುವುದೇ ತಪ್ಪೆಂದು ನಾನು ಹೇಳಲಾರೆ. ಅಂಗಡಿಯಲ್ಲಿರುವ ಎಲ್ಲವನ್ನೂ ಪರೀಕ್ಷಿಸಿ ನೋಡುವಷ್ಟು ಆಯುಸ್ಸು ಯಾರಿಗಿದೆ? ಹೆಸರೆಂದರೆ ನಮಗಿಂತ ಮೊದಲಿನವರು ಕಂಡುಂಡದ್ದರ ಉಳಿತಾಯ. ಅದನ್ನು ಬಳಸಿಕೊಳ್ಳುವುದು ಜಾಣತನವೇ. ಹೊಸದೆಂಬ ಒಂದೇ ಕಾರಣಕ್ಕೆ ಹೊಸದನ್ನು ಹೊಗಳುವುದೂ ಇನ್ನೊಂದು ಬಗೆಯ ಕುರುಡು. ತೊಡಕು ಇರುವುದು ಬೇರೆ ಕಡೆ. ದೊಡ್ಡ ಹೆಸರಿಗೆ ನಾವು ಕೇಳುವ ಮೊದಲೇ ಗಮನ ಕೊಡುತ್ತೇವೆ; ಅದರಲ್ಲಿ ಕೊರತೆ ಕಂಡರೆ ನಮ್ಮ ಕಿವಿಯನ್ನೇ ಸಂಶಯಿಸುತ್ತೇವೆ. ಹೆಸರಿಲ್ಲದ್ದರಲ್ಲಿ ಸೊಗಸು ಕೇಳಿಸಿದರೂ ಆಗ ಸಂಶಯಿಸುವುದು ನಮ್ಮ ಕಿವಿಯನ್ನೇ. ಎರಡು ಸಲವೂ ಸೋಲುವುದು ಕಿವಿ.

2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದಲ್ಲಿ ಒಂದು ಪರೀಕ್ಷೆ ನಡೆಯಿತು. ಪಳಗಿದ ಪಿಟೀಲುವಾದಕರು 21 ಮಂದಿಗೆ ಕಪ್ಪು ಕನ್ನಡಕ ತೊಡಿಸಿ ಆರು ಪಿಟೀಲುಗಳನ್ನು ಕೊಟ್ಟರು. ಮೂರು ಹೊಸವು, ಮೂರು ಸ್ಟ್ರಾಡಿವರಿ, ಗ್ವಾರ್ನೇರಿ ಎಂಬ ಜಗತ್ಪ್ರಸಿದ್ಧ ಇಟಾಲಿಯನ್ ಕುಶಲಿಗಳ ಕೈಯ ಹಳೆಯವು. ಹೆಚ್ಚಿನವರು ಮನೆಗೆ ಒಯ್ಯಲು ಬಯಸಿದ್ದು ಹೊಸದನ್ನು. ಎಲ್ಲಕ್ಕಿಂತ ಕಡಮೆ ಮೆಚ್ಚುಗೆ ಪಡೆದದ್ದು ಒಂದು ಸ್ಟ್ರಾಡಿವರಿ! ಕಣ್ಣು ಮುಚ್ಚಿದಾಗ ಕಿವಿಗೆ ಸ್ವಾತಂತ್ರ್ಯ ಬಂದಿತು.

ಅಷ್ಟೇಕೆ, ಆ ಪಿಟೀಲೇ ನಮ್ಮ ಕರ್ನಾಟಕ ಸಂಗೀತಕ್ಕೆ ಸುಮಾರು ಇನ್ನೂರು ವರ್ಷಗಳ ಹಿಂದೆ ಹೊರಗಿನಿಂದ ಬಂದದ್ದಲ್ಲವೆ? ಬಾಲುಸ್ವಾಮಿ ದೀಕ್ಷಿತರಂಥವರು ಅದನ್ನು ಕೈಗೆತ್ತಿಕೊಂಡು ಕೇಳಿ ನೋಡಿದ್ದರಿಂದ ಇಂದು ಅದಿಲ್ಲದೆ ಕಚೇರಿಯಿಲ್ಲ. ನಮ್ಮ ತರಗತಿಗಳಲ್ಲಿ ಹೇಳುವ ಇನ್ನೊಂದು ಮಾತೂ ಉಂಟು. ‘ಮಾಲವಿಕಾಗ್ನಿಮಿತ್ರ’ದ ಪ್ರಸ್ತಾವನೆಯಲ್ಲಿ, ಭಾಸ ಸೌಮಿಲ್ಲರಂಥ ಹೆಸರಾಂತವರು ಇರುವಾಗ ಈ ಇಂದಿನ ಕಾಳಿದಾಸನ ನಾಟಕವೇಕೆ ಎಂಬ ಪ್ರಶ್ನೆ ಬರುತ್ತದೆ. ಹಳೆಯದೆಲ್ಲ ಒಳ್ಳೆಯದಲ್ಲ, ಹೊಸದೆಲ್ಲ ಕೆಟ್ಟದ್ದಲ್ಲ, ಬಲ್ಲವರು ಪರೀಕ್ಷಿಸಿ ಆರಿಸುತ್ತಾರೆ ಎಂಬ ಅರ್ಥದ ಉತ್ತರವನ್ನು ಸೂತ್ರಧಾರ ಕೊಡುತ್ತಾನೆ. ಒಂದು ಕಾಲಕ್ಕೆ ಕಾಳಿದಾಸನೂ ಹೊಸ ಹೆಸರು! ಈ ಪ್ರಸ್ತಾವನೆಯನ್ನು ಹತ್ತಾರು ಸಲ ಪಾಠ ಹೇಳಿದ್ದೇನೆ. ಹೇಳಿದ್ದರಿಂದ ಏನಾಯಿತು?

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನು ಸಂಪಾದಕನಾಗಿದ್ದೆ. ಮೊದಲ ವರ್ಷದ ಒಬ್ಬಳು ಹುಡುಗಿ ಒಂದು ಕವಿತೆ ತಂದುಕೊಟ್ಟಳು. ವಿಜ್ಞಾನದ ವಿದ್ಯಾರ್ಥಿನಿ, ತರಗತಿಯಲ್ಲಿ ಬಾಯಿಬಿಟ್ಟವಳಲ್ಲ. ಕಾಗದದ ತಲೆಯ ಮೇಲಿನ ಹೆಸರು ನೋಡಿದೆ, ನಾಲ್ಕು ಸಾಲು ಕಣ್ಣಾಡಿಸಿದೆ, ಬದಿಗಿಟ್ಟೆ. ಮರುವರ್ಷ ಅವಳ ಕವಿತೆಗೆ ಬೇರೊಂದು ಸ್ಪರ್ಧೆಯಲ್ಲಿ ಬಹುಮಾನ ಬಂದಿತು. ತೀರ್ಪುಗಾರರಾಗಿದ್ದ ಹಿರಿಯ ಕವಿಯೊಬ್ಬರು ಮನಸಾರೆ ಹೊಗಳಿದರು. ಆಗ ನಾನೂ ಓದಿದೆ. ನಿಜವಾಗಿಯೂ ಚೆನ್ನಾಗಿತ್ತು. ಅವಳನ್ನು ಕರೆಸಿ, “ಬಹಳ ಚೆನ್ನಾಗಿ ಬರೆದಿದ್ದೀಯಮ್ಮ” ಎಂದೆ.

“ಸಾರ್, ಇದು ಹೋದ ವರ್ಷ ನಿಮಗೆ ಕೊಟ್ಟಿದ್ದೇ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಗಿಟಾರಿನ ವಿಷಯದಲ್ಲಿ ನಮ್ಮ ಹುಡುಗ ತಪ್ಪಿದ್ದರೆ ನಷ್ಟ ಅವನದು ಮಾತ್ರ. ಹಲಗೆಗೆ ನೋವಾಗುವುದಿಲ್ಲ, ಗೋಡೆಗೆ ಒರಗಿ ಇನ್ನೊಬ್ಬ ಗಿರಾಕಿಗಾಗಿ ಕಾಯುತ್ತದೆ. ಮನುಷ್ಯರು ಹಾಗೆ ಕಾಯುವುದಿಲ್ಲ. ಆ ಹುಡುಗಿಗೆ ಬೇರೆಲ್ಲೋ ಒಂದು ಕಿವಿ ದೊರೆಯಿತು. ದೊರೆಯದೆ ಬರೆಯುವುದನ್ನೇ ಬಿಟ್ಟವರು ಎಷ್ಟು ಮಂದಿಯೋ, ಅವರ ಲೆಕ್ಕ ನನ್ನ ಬಳಿ ಇಲ್ಲ. ಮೆಚ್ಚುವುದು ಬಿಡುವುದು ನಮ್ಮ ಇಷ್ಟವಿರಬಹುದು. ಆದರೆ ಮೆಚ್ಚುವ ಮೊದಲು ಕೇಳುವುದು ಇಷ್ಟದ ಮಾತಲ್ಲ, ಸಾಲ. ಎದುರಿಗೆ ಬಂದವರಿಗೆ, ಬಂದದ್ದಕ್ಕೆ, ನಾವು ತೀರಿಸಬೇಕಾದ ಸಾಲ. ಹೆಸರು ಆ ಸಾಲವನ್ನು ಮರೆಸುತ್ತದೆ ಎಂಬುದೇ ಅದರ ಅಪಾಯ.

ಹುಡುಗ ಆ ಗಿಟಾರನ್ನು ಕೊಂಡ. ಈಗ ಅದರ ಬದಲು ಫೆಂಡರನ್ನೇ ಕೊಡುತ್ತೇನೆಂದರೂ ಬೇಡವೆನ್ನುತ್ತಾನೆ. ಅದು ನಾದದ ಮೇಲಿನ ಪ್ರೀತಿಯೋ, ಲಿಯೊನ ಮೇಲಿನದೋ, ಅವನಿಗೇ ತಿಳಿಯದು. ನಾನೂ ಮತ್ತೆ ಕೇಳಿಲ್ಲ. ನಾನಂತೂ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ವಿಶ್ವವಿದ್ಯಾಲಯದವರು ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ಸಂಖ್ಯೆ ಹಾಕಿಸುವುದೇಕೆಂದು ನನಗೆ ತಡವಾಗಿ ಅರ್ಥವಾಯಿತು. ಯಾರಾದರೂ ಕವಿತೆ ತಂದುಕೊಟ್ಟರೆ, ಹಾಳೆಯ ತಲೆಯಲ್ಲಿರುವ ಹೆಸರು ಕಾಣದಂತೆ ಮಡಿಸಿ ಓದುತ್ತೇನೆ. ಒಮ್ಮೊಮ್ಮೆ ನಡುವೆ ಮಡಿಕೆಯನ್ನು ಎತ್ತಿ ನೋಡುವ ಆಸೆಯಾಗುತ್ತದೆ. ಎಷ್ಟೋ ಸಲ ನೋಡಿಯೂ ಇದ್ದೇನೆ. ಆಗೆಲ್ಲ ಹಾಳೆಯನ್ನು ಮತ್ತೆ ಮಡಿಸಿ, ಮೊದಲ ಸಾಲಿನಿಂದ ಓದುತ್ತೇನೆ.