ಎರಡು ದಿನದ ನಗರವೀಕ್ಷಣೆ

ದೇಶಸಂಚಾರದಿಂದ ಬುದ್ಧಿಯು ವಿಕಾಸ ಹೊಂದುವುದೆಂಬ ಮಾತು ಪುರಾತನವಾದುದು. ಆದರೆ ಸಂಚಾರಮಾಡಿದವರೆಲ್ಲರೂ ವಿಕಾಸಹೊಂದಿ ಮರಳಿರುವರೆಂದು ಯಾರೂ ಹೇಳಲಾರರು. ಕಾಲಿಗೂ ಕಣ್ಣಿಗೂ ದೊರೆತ ಲಾಭವು ಮನಸ್ಸಿಗೆ ದೊರೆಯದೆ ಹೋಗುವುದೇತಕ್ಕೆ ಎಂಬುದು ವಿಚಾರಾರ್ಹವಾದ ಪ್ರಶ್ನೆಯು.

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಎಷ್ಟೋ ಮನೆಗಳ ಮಕ್ಕಳು ಈಗ ಯುರೋಪಿನಲ್ಲಿ ಉದ್ಯೋಗದಲ್ಲಿರುವರು. ತಂದೆತಾಯಿಗಳು ಅವರಲ್ಲಿಗೆ ಹೋಗಿ ಒಂದೆರಡು ತಿಂಗಳಿದ್ದು, ಊರಿಗೆ ಹೊರಡುವ ಮುನ್ನ ಉಳಿದ ಎರಡು ದಿನಗಳಲ್ಲಿ ರೋಮಿನಂತಹ ಒಂದು ನಗರವನ್ನು ನೋಡಿ ಬರುವರು. ಮಗನಿಗೆ ರಜೆಯು ಅಷ್ಟೇ. ತಾಯಿಗೆ ಮೊಣಕಾಲಿನ ನೋವು. ಇನ್ನೊಮ್ಮೆ ಬರುವ ಯೋಗವುಂಟೋ ಇಲ್ಲವೋ ಎಂಬ ಶಂಕೆ ಇಬ್ಬರಿಗೂ. ಆದುದರಿಂದ ಕ್ರಿ.ಶ. 80ರಲ್ಲಿ ಆರಂಭೋತ್ಸವ ನಡೆದ ಕೊಲೋಸಿಯಂ, ಸಂತ ಪೀಟರರ ಮಹಾ ಇಗರ್ಜಿ, ಟ್ರೆವಿಯ ಕಾರಂಜಿ, ಗೋಪುರದ ನೆತ್ತಿಯ ಬಯಲಿನಿಂದ ಬಿಸಿಲೂ ಮಳೆಯೂ ಒಳಗಿಳಿಯುವ ಪ್ಯಾಂಥಿಯನ್, ಇವೆಲ್ಲವನ್ನೂ ಪಟ್ಟಿಯಂತೆ ಮುಗಿಸಿ ವಿಮಾನವನ್ನೇರುವರು. ಊರಿಗೆ ಬಂದ ಬಳಿಕ "ರೋಮನ್ನು ನೋಡಿದೆವು, ಅಲ್ಲಿಯ ಜನರು ಇಂತಹವರು" ಎಂದು ನಿರ್ಣಯವನ್ನು ಕೊಡುವರು. ಇಂತಹ ನೋಟವು ನೋಟವೇ?

ಎರಡು ದಿನದಲ್ಲಿ ಏನು ತಿಳಿದೀತೆಂದು ಹಾಸ್ಯಮಾಡುವವರಿದ್ದಾರೆ. ಈ ಹಾಸ್ಯವು ನ್ಯಾಯವಾದುದಲ್ಲ. ಸಾಕ್ಷಿಯೆಂಬ ಶಬ್ದಕ್ಕೆ ಪಾಣಿನಿಯು ಹೇಳುವ ಅರ್ಥವು ಪ್ರತ್ಯಕ್ಷವಾಗಿ ನೋಡಿದವನೆಂದೇ ಹೊರತು ಬಹುಕಾಲ ನೋಡಿದವನೆಂದಲ್ಲ. ಕ್ಷಣಮಾತ್ರ ಕಂಡವನೂ ಸಾಕ್ಷಿಯೇ. ಕಂಡಷ್ಟನ್ನು ಹೇಳಿದರೆ ಅವನು ಸತ್ಯವಂತನು. ಕಾಣದುದನ್ನೂ ಸೇರಿಸಿದರೆ ಕೂಟಸಾಕ್ಷಿಯು. ಆದುದರಿಂದ ದೋಷವಿರುವುದು ಕಾಲದ ಅಲ್ಪತೆಯಲ್ಲಲ್ಲ, ಮಾತಿನ ವಿಸ್ತಾರದಲ್ಲಿ.

ಇದನ್ನರಿಯಲು ನಾವು ದೂರ ಹೋಗಬೇಕಾದುದಿಲ್ಲ. ಮೂಡುಬಿದಿರೆಯಲ್ಲಿ 1430ರಲ್ಲಿ ಕಟ್ಟಲ್ಪಟ್ಟ ಸಾವಿರ ಕಂಬದ ಬಸದಿಗೆ ನಿತ್ಯವೂ ಪರಸ್ಥಳದವರು ಬರುವರು. ಅರ್ಧ ಗಂಟೆಯಲ್ಲಿ ಚಿತ್ರಗಳನ್ನು ತೆಗೆದುಕೊಂಡು, ಕಂಬಗಳು ನಿಜವಾಗಿಯೂ ಸಾವಿರವಿರುವುವೇ ಎಂದು ಕೇಳಿ, ವೇಣೂರಿನಲ್ಲಿ 1604ರಲ್ಲಿ ನಿಂತ ಗೊಮ್ಮಟನ ಕಡೆಗೆ ಧಾವಿಸುವವರೂ ಅವರಲ್ಲಿರುವರು. ಒಳಗೆ ಕುಳಿತು ಜಪಮಾಡುವ ವೃದ್ಧೆಯನ್ನು ಅವರು ಕಂಡಿರಲಾರರು. ಅಂತಹವರು ತಮ್ಮೂರಿನಲ್ಲಿ "ತುಳುನಾಡನ್ನು ಬಲ್ಲೆವು" ಎಂದರೆ ನಮಗೆ ಹೇಗೆನಿಸೀತು? ನಮ್ಮ ಊರನ್ನು ಪರರು ಹೇಗೆ ನೋಡಬೇಕೆಂದು ಬಯಸುವೆವೋ ಹಾಗೆಯೇ ಪರರ ಊರನ್ನು ನಾವು ನೋಡತಕ್ಕದ್ದು.

ಹಾಗೆ ನೋಡಲು ಯತ್ನಿಸಿದವನೊಬ್ಬನು ಅದೇ ರೋಮಿನಿಂದ ಈ ಸೀಮೆಗೆ ಬಂದಿದ್ದನು. ಅವನೇ ಪಿಯೆತ್ರೋ ದೆಲ್ಲಾ ವಾಲ್ಲೆ. 1623ರಲ್ಲಿ ಇಕ್ಕೇರಿಗೆ ಹೋಗುವಾಗ ಘಟ್ಟದ ಮೇಲೆ ಒಂದು ದೇವಾಲಯದ ಜಗಲಿಯಲ್ಲಿ ನಾಲ್ವರು ಬಾಲಕರು ಮರಳ ಮೇಲೆ ಬರೆಯುತ್ತ, ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಅವನು ನಿಂತು ನೋಡಿದನು. ತಪ್ಪಿದರೆ ತಿದ್ದುವವರಾರೆಂದು ಕೇಳಿದನು. ನಾಲ್ವರೂ ಒಂದೇ ಕಡೆ ಮರೆಯುವುದು ಸಾಧ್ಯವಿಲ್ಲವಾದುದರಿಂದ ಒಬ್ಬರಿಗೊಬ್ಬರೇ ಗುರುಗಳೆಂದು ಅವರು ಉತ್ತರವಿತ್ತರು. ಅರಮನೆಯನ್ನು ನೋಡಲು ಹೊರಟವನು ಜಗಲಿಯ ಬಳಿ ನಿಂತುದರಿಂದಲೇ ಆ ಕಾಲದ ವಿದ್ಯಾಭ್ಯಾಸಕ್ರಮದ ಸಾಕ್ಷ್ಯವೊಂದು ನಮಗುಳಿಯಿತು.

ಅದೇ ವರ್ಷ ಗುರುಪುರದ ಸಮೀಪದ ಮಣೇಲಿನಲ್ಲಿ ಅವನು ಚೌಟವಂಶದ ಉಳ್ಳಾಲದ ರಾಣಿಯನ್ನು ಕಂಡನು. ಬರಿಗಾಲಿನಲ್ಲಿ ನಡೆದು ನೀರಿನ ಕಾಲುವೆಯ ಕೆಲಸವನ್ನು ನೋಡಿಕೊಳ್ಳುತ್ತಿದ್ದ ಆಕೆಯ ವೇಷವನ್ನು ನೋಡಿ, ಅಡುಗೆಯ ಆಳಿನಂತಿರುವಳೆಂದೇ ಅವನು ಬರೆದನು. ಓದುವಾಗ ನಮಗೆ ನೋವಾಗುವುದು ಸಹಜವೇ. ಆದರೆ ಬರಹವು ಅಲ್ಲಿಗೆ ನಿಲ್ಲಲಿಲ್ಲ. ಆಕೆಯ ಮಾತನ್ನು ಕೇಳಿದೊಡನೆ, ಧ್ವನಿಯಲ್ಲಿ ಗಾಂಭೀರ್ಯವೂ ನುಡಿಯಲ್ಲಿ ವಿವೇಕವೂ ಇರುವುವೆಂದು ಒಪ್ಪಿಕೊಂಡನು. ಕಣ್ಣು ಕೊಟ್ಟ ತೀರ್ಪನ್ನು ಕಿವಿಯು ತಿದ್ದಿತು. ಎರಡನ್ನೂ ಮರೆಮಾಚದೆ ಬರೆದನಾದುದರಿಂದಲೇ ಆ ಸಾಕ್ಷ್ಯಕ್ಕೆ ಬೆಲೆಯು. ಅವನು ವೇಷವನ್ನಷ್ಟೇ ನೋಡಿ ಮುಂದಿನ ಊರಿಗೆ ಹೊರಟುಹೋಗಿದ್ದರೆ ರಾಣಿಯು ಅವನ ಪುಟಗಳಲ್ಲಿ ಎಂದೆಂದಿಗೂ ಆಳಾಗಿಯೇ ಉಳಿಯುತ್ತಿದ್ದಳು. ಅವಸರದ ನೋಟದಿಂದ ಪರರಿಗೆ ಆಗಬಹುದಾದ ಅನ್ಯಾಯವು ಇಷ್ಟು ದೊಡ್ಡದು.

ಎರಡು ದಿನ ಮಾತ್ರವಿರುವವನು ಹಾಗೆ ನಿಲ್ಲುವುದು ಹೇಗೆಂದರೆ, ಉತ್ತರವು ನಮ್ಮ ತೀರ್ಥಯಾತ್ರೆಯ ಪದ್ಧತಿಯಲ್ಲಿದೆ. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲಿ ಬಿಟ್ಟು ಬರುವ ಸಂಪ್ರದಾಯವುಂಟು. ಟ್ರೆವಿಯ ಕಾರಂಜಿಗೆ ಬೆನ್ನುಮಾಡಿ ನಾಣ್ಯವನ್ನೆಸೆಯುವವನು ಇಲ್ಲಿಗೆ ಮತ್ತೆ ಬರುವೆನೆಂದು ಆಶಿಸುವನು. ಆ ಆಸೆಯು ನಿಂದ್ಯವಲ್ಲ; ಆ ನಾಣ್ಯಗಳು ಬಡವರ ಸಹಾಯಕ್ಕೆ ಸಲ್ಲುವುವು. ಆದರೆ ಯಾತ್ರೆಯ ಕೊನೆಗೆ ಹೆಚ್ಚು ಉಪಕಾರಿಯಾದುದು ಕಾಶಿಯ ಕ್ರಮವೇ. ಪಟ್ಟಿಯಲ್ಲಿರುವ ಎಂಟು ಸ್ಥಳಗಳಲ್ಲಿ ಆರನ್ನು ಮನಃಪೂರ್ವಕವಾಗಿ ಬಿಟ್ಟರೆ ಉಳಿದ ಎರಡು ಕಣ್ಣಿಗೆ ಬೀಳುವುವು. ಬಿಡಲಾರದವನು ಎಂಟರಲ್ಲಿಯೂ ಓಡುವನು, ಒಂದರಲ್ಲಿಯೂ ಇರಲಾರನು.

ಆ ಎರಡನ್ನು ಆರಿಸುವಾಗ ಲೋಕಪ್ರಸಿದ್ಧಿಯೊಂದೇ ಪ್ರಮಾಣವಾಗಬೇಕಾಗಿಲ್ಲ. ಕೊಲೋಸಿಯಮಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಆರಾಚೇಲಿಯೆಂಬ ಇಗರ್ಜಿಯಿದೆ. ಪರ್ಷಿಯಾದಲ್ಲಿ ಮೃತಳಾದ ಪತ್ನಿ ಮಾನಿಯ ಶರೀರವನ್ನು ದೆಲ್ಲಾ ವಾಲ್ಲೆಯು ಭಾರತದ ಮಾರ್ಗವಾಗಿ ಒಯ್ದು 1627ರಲ್ಲಿ ಅಲ್ಲಿ ಭೂಸ್ಥಾಪನೆ ಮಾಡಿದನು. ಮುಂದೆ 1652ರಲ್ಲಿ ತಾನೂ ಅಲ್ಲಿಯೇ ಮಣ್ಣಾದನು. ಅದರ ಮುಂದಿನ ಮೆಟ್ಟಿಲುಗಳು ನೂರಕ್ಕೂ ಮಿಕ್ಕಿರುವುದರಿಂದ ತಾಯಂದಿರು ಕೆಳಗೆ ಕುಳಿತರೂ ಆದೀತು. ಮೂಡುಬಿದಿರೆಯ ಚೌಟರ ಅರಮನೆಯ ಕೆತ್ತನೆಯ ಕಂಬಗಳನ್ನು ಬಲ್ಲವರಿಗೆ, ಆ ಮನೆತನದ ರಾಣಿಯನ್ನು ಕಂಡು ಬರೆದವನು ಇಲ್ಲಿ ಮಲಗಿರುವನೆಂಬ ಅರಿವೇ ಪರನಗರವನ್ನು ಸಮೀಪಕ್ಕೆ ತರುವುದು.

ಎಲ್ಲವನ್ನೂ ನೋಡಿ ಮುಗಿಸಿದವನು ಲೋಕದಲ್ಲಿ ಇಲ್ಲ. ಎಲ್ಲ ಸಂಚಾರಕ್ಕೂ ಒಂದು ಕಡೆಯ ದಿನವುಂಟು, ಆಯುಷ್ಯಕ್ಕೂ ಉಂಟು. ಆ ದಿನ ಇನ್ನಷ್ಟು ಬಾಚಿಕೊಳ್ಳಬೇಕೆಂಬ ತವಕವು ಯಾರಿಗಾದರೂ ಬರುವುದೇ. ಅದನ್ನು ತಡೆದು, ಎದುರಿಗಿರುವ ಒಂದನ್ನು ಸಮಾಧಾನದಿಂದ ನೋಡಿ, ಮನೆಗೆ ಬಂದ ಮೇಲೆ "ಇಷ್ಟನ್ನು ಕಂಡೆನು, ಉಳಿದುದನ್ನು ಅರಿಯೆನು" ಎಂದು ಮೊಮ್ಮಕ್ಕಳಿಗೆ ಹೇಳಬಲ್ಲವನ ಯಾತ್ರೆಯು ಎರಡೇ ದಿನದ್ದಾದರೂ ಸಫಲವಾದುದೆಂದು ತಿಳಿಯಬೇಕು.