ಬಲ್ಲವನ ಶಿಷ್ಯವೃತ್ತಿ

ದುದ್ದದ ಬೀದಿಯಲ್ಲಿ ಗೋಲಿಯಾಡುವ ಹುಡುಗನಿಗೆ ಗುರುವೆಂಬವನಿಲ್ಲ. ಹಿಮ್ಮಡಿಯಿಂದ ನೆಲವನ್ನು ತಿರುವಿ ಮಾಡಿದ ಗುಳಿಯೊಂದು, ಬೆರಳಿನ ತುದಿಯಲ್ಲಿ ಗಾಜಿನ ಗೋಲಿಯೊಂದು, ಕೂಗಾಡುವುದಕ್ಕೆ ಇಬ್ಬರು ಎದುರಾಳಿಗಳು. ಇಷ್ಟೇ ಅವನ ಪಾಠಶಾಲೆ. ನೆಲವು ಯಾವ ಕಡೆಗೆ ಇಳಿಜಾರಾಗಿದೆ, ಮಳೆ ಬಿದ್ದ ಮರುದಿನ ಗೋಲಿಯು ಎಷ್ಟು ನಿಧಾನವಾಗಿ ಉರುಳುವುದು ಎಂಬುದನ್ನು ಅವನು ಯಾರನ್ನೂ ಕೇಳದೆ ಬಲ್ಲನು. ಹೇಗೆ ಬಲ್ಲೆಯೆಂದು ಕೇಳಿದರೆ ಹೇಳಲಾರನು. ಹೇಳಲು ಹೊರಟರೆ ಅವನ ಗುರಿಯೇ ತಪ್ಪೀತು.

ಇದೇ ಕೆಲಸವನ್ನು ದೊಡ್ಡವರು ಕೋಲು ಹಿಡಿದು ಹುಲ್ಲಿನ ಮೇಲೆ ಮಾಡುವರು. ಗಾಲ್ಫ್ ಆಟದಲ್ಲಿ, ದೂರದಿಂದ ಬಂದು ನಿಂತ ಚೆಂಡನ್ನು ನುಣುಪಾಗಿ ಕತ್ತರಿಸಿದ ಹುಲ್ಲಿನ ಮೇಲೆ ಮೆಲ್ಲನೆ ತಟ್ಟಿ ಕುಳಿಗೆ ಬೀಳಿಸುವುದಕ್ಕೆ ಪಟಿಂಗ್ ಎಂದು ಹೆಸರು. ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರಲ್ಲಿಯೇ ಸ್ಥಾಪಿತವಾದುದರಿಂದ ಈ ಆಟವು ಕನ್ನಡ ನಾಡಿಗೆ ಹೊಸತೇನೂ ಅಲ್ಲ. ಹಳ್ಳಿಗಳಿಗೆ ಅಪರಿಚಿತವಾಗಿಯೇ ಉಳಿಯಿತೆಂಬುದು ಬೇರೆ ಮಾತು. ಹದಿನೆಂಟು ಕುಳಿಗಳ ಮೈದಾನದಲ್ಲಿ ನಿಪುಣನಿಗೆ ಸಾಮಾನ್ಯವಾಗಿ ಗೊತ್ತುಮಾಡಿರುವ ಹೊಡೆತಗಳು 72. ಅವುಗಳಲ್ಲಿ 36, ಎಂದರೆ ಕುಳಿಯೊಂದಕ್ಕೆ ಎರಡರಂತೆ, ಈ ಮೆಲ್ಲನೆಯ ತಟ್ಟುವಿಕೆಗೇ ಮೀಸಲು. ಇನ್ನೂರು ಗಜ ಹಾರಿಸುವ ಹೊಡೆತಕ್ಕೂ ಎರಡಡಿ ಉರುಳಿಸುವ ಹೊಡೆತಕ್ಕೂ ಲೆಕ್ಕದಲ್ಲಿ ಒಂದೇ ಬೆಲೆ. ಇಂತಹ ಸಮದೃಷ್ಟಿಯು ಲೋಕವ್ಯವಹಾರದಲ್ಲಿ ಕಾಣಸಿಗುವುದು ಅಪೂರ್ವ.

ಇಪ್ಪತ್ತು ವರ್ಷ ಈ ಆಟವನ್ನಾಡಿದ ಗೃಹಸ್ಥನೊಬ್ಬನು, ವಯಸ್ಸು ಐವತ್ತು ದಾಟಿದ ಮೇಲೆ, ಚೆಂಡು ತಟ್ಟುವುದನ್ನು ಕಲಿಯಲು ಗುರುವಿನ ಬಳಿಗೆ ಹೋಗುವನೆಂದು ವಾಚಕರು ಭಾವಿಸಬೇಕು. ನೋಡಿದವರು ನಗುವರು. ಮಗುವೂ ಮಾಡಬಲ್ಲ ಕೆಲಸವನ್ನು ಹಣ ತೆತ್ತು ಕಲಿಯಬೇಕೇ? ಈ ನಗೆಯನ್ನು ಹಾಗೆಯೇ ತಳ್ಳಿಹಾಕುವಂತಿಲ್ಲ. ಅದರ ಹಿಂದೆ ನಿಜವಾದ ಪ್ರಶ್ನೆಯೊಂದಿದೆ. ಬಲ್ಲವನು ಮತ್ತೆ ಶಿಷ್ಯನಾದರೆ ಅವನ ಕೈಯ ವಿದ್ಯೆಯು ಬೆಳೆಯುವುದೋ ಕೆಡುವುದೋ? ಬೆಳೆಯುವುದೆಂದಾದರೂ, ಅದಕ್ಕಾಗಿ ಅವನು ತೆರಬೇಕಾದ ಬೆಲೆ ಯಾವುದು?

ಮೊದಲು ಲೆಕ್ಕವನ್ನು ನೋಡೋಣ. ಕುಳಿಯ ಅಗಲವು ನಾಲ್ಕೂಕಾಲು ಅಂಗುಲ. ಚೆಂಡು ತಾಗುವ ಕ್ಷಣದಲ್ಲಿ ಕೋಲಿನ ಮುಖವು ಒಂದೇ ಒಂದು ಡಿಗ್ರಿ ಓರೆಯಾಗಿದ್ದರೆ, ಹತ್ತು ಅಡಿ ಉರುಳುವಷ್ಟರಲ್ಲಿ ಚೆಂಡು ಸುಮಾರು ಎರಡು ಅಂಗುಲ ಪಕ್ಕಕ್ಕೆ ಸರಿದಿರುವುದು. ಎಂದರೆ ಕುಳಿಯ ನಡುವನ್ನು ಬಿಟ್ಟು ಅಂಚಿಗೆ ಹೋಗಿರುವುದು. ಈ ಒಂದು ಡಿಗ್ರಿಯನ್ನು ಆಡುವವನು ತಾನೇ ಕಾಣಲಾರನು. ಏಕೆಂದರೆ ಓರೆಯನ್ನು ಅಳೆಯಬೇಕಾದ ಕಣ್ಣೇ ಓರೆಯಾದ ಸ್ಥಾನದಲ್ಲಿರುವುದು. ಚೆಂಡಿನ ಮೇಲೆ ನೇರವಾಗಿರಬೇಕಾದ ತಲೆಯು ಒಳಕ್ಕೆ ಸರಿದಿದ್ದರೆ, ಅವನಿಗೆ ನೇರವಾಗಿ ಕಾಣುವ ಗೆರೆಯು ನೇರವಲ್ಲ. ಗುರುವು ಹುಲ್ಲಿನ ಮೇಲೆ ಚಿಕ್ಕದೊಂದು ಕನ್ನಡಿಯನ್ನಿಟ್ಟು, ನಿನ್ನ ಕಣ್ಣುಗಳು ಎಲ್ಲಿವೆಯೋ ನೋಡಿಕೊ ಎನ್ನುವನು, ಸೀಮೆಸುಣ್ಣದ ಗೆರೆಯನ್ನೆಳೆಯುವನು, ಎರಡು ಮರದ ಮೊಳೆಗಳನ್ನು ನೆಟ್ಟು ಅವುಗಳ ನಡುವೆ ಚೆಂಡನ್ನು ಹಾಯಿಸೆನ್ನುವನು. ಈ ವಿದ್ಯೆಯ ಉಪಕರಣಗಳು ಇಷ್ಟು ಅಲ್ಪವಾದುವು.

ಬೆಲೆಯ ಮಾತು ಬರುವುದು ಇಲ್ಲಿಂದ ಮುಂದೆ. ಇಪ್ಪತ್ತು ವರ್ಷ ಓರೆಗಣ್ಣಿನಿಂದ ಆಡಿದವನ ಮಣಿಕಟ್ಟು ಸುಮ್ಮನಿರುವುದಿಲ್ಲ. ಕಣ್ಣಿನ ದೋಷವನ್ನು ಸರಿದೂಗಿಸಲು ತಾನೂ ಒಂದು ದೋಷವನ್ನು ಕಲಿತುಕೊಂಡಿರುವುದು. ಎರಡು ತಪ್ಪುಗಳು ಗಂಡಹೆಂಡಿರಂತೆ ಹೊಂದಿಕೊಂಡು ಸಂಸಾರ ನಡೆಸುತ್ತಿದ್ದುವು, ಚೆಂಡೂ ಎಷ್ಟೋ ಸಲ ಬೀಳುತ್ತಿದ್ದಿತು. ಗುರುವು ಒಂದನ್ನು ತೆಗೆದೊಡನೆ ಮತ್ತೊಂದು ಒಂಟಿಯಾಗಿ ನಿಂತು ಕಾಡುವುದು. ಪಾಠಕ್ಕೆ ಹೋದವನು ಕೆಲವು ವಾರಗಳ ಕಾಲ ಮೊದಲಿಗಿಂತಲೂ ಕೆಟ್ಟದಾಗಿ ಆಡುವನು, ಅದೂ ತಾನು ಹಿಂದೆ ಸೋಲಿಸುತ್ತಿದ್ದ ಮಿತ್ರರ ಕಣ್ಣೆದುರಿಗೆ. ಅನೇಕರು ಈ ಘಟ್ಟದಲ್ಲಿಯೇ ಗುರುವು ಕೆಡಿಸಿದನೆಂದು ದೂರಿ ಹಿಂದಿರುಗುವರು. ಅವರನ್ನು ಹೇಡಿಗಳೆನ್ನುವುದು ಅನ್ಯಾಯ. ತಿಳಿದೂ ತಿಳಿದೂ ಕೆಲವು ಕಾಲ ಅಸಮರ್ಥನೆನಿಸಿಕೊಳ್ಳಲು ಒಪ್ಪುವುದು, ಸಂಪಾದಿಸಿದ ಹಣವನ್ನು ದಾನಮಾಡುವುದಕ್ಕಿಂತ ಕಠಿಣವಾದ ತ್ಯಾಗ. ಚಿಕ್ಕವನಿಗೆ ಈ ಕಷ್ಟವಿಲ್ಲ. ಕಳೆದುಕೊಳ್ಳಲು ಅವನಲ್ಲಿ ಇನ್ನೂ ಏನೂ ಇರುವುದಿಲ್ಲ.

ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಮೇಲೆಂದು ಜಗಳವಾಡುವರು. ಪರೀಕ್ಷೆಯು ನಡೆಯುವುದು ಶಿಷ್ಯೆಯ ನೃತ್ಯದಿಂದ. ಆದರೆ ಅಲ್ಲಿಯ ಶಿಷ್ಯೆ ತರುಣಿ. ಐವತ್ತರ ಶಿಷ್ಯನ ಸಂಗತಿ ಬೇರೆ. ಅವನ ಗುರುವು ಅವನಿಗಿಂತ ಕಿರಿಯನಾಗಿರಬಹುದು, ಆಟದಲ್ಲಿ ಕಡಿಮೆಯವನೂ ಆಗಿರಬಹುದು. ಅದರಿಂದ ಪಾಠಕ್ಕೆ ಕುಂದಿಲ್ಲ. ಮಂಡ್ಯದ ಸೀಮೆಯಲ್ಲಿ ಕಬ್ಬು ಹೇರಿದ ಗಾಡಿಯು ಇಕ್ಕಟ್ಟಾದ ದಾರಿಯಲ್ಲಿ ಹಾಯುವಾಗ, ಹಿಂದೆ ನಿಂತು ‘ಎಡಕ್ಕೆ, ಇನ್ನೂ ಎಡಕ್ಕೆ’ ಎನ್ನುವವನು ಗಾಡಿ ಹೊಡೆಯುವುದರಲ್ಲಿ ಪ್ರವೀಣನಾಗಿರಬೇಕೆಂದು ಯಾರೂ ಕೇಳುವುದಿಲ್ಲ. ಅವನು ನಿಂತಿರುವ ಜಾಗವೇ ಅವನ ಅಧಿಕಾರ.

ಇನ್ನು ಎದುರುಪಕ್ಷದ ಬಲವಾದ ವಾದ. ಕೈಯು ಅರಿಯದೆ ಮಾಡುವ ಕೆಲಸಕ್ಕೆ ಅರಿವನ್ನು ಹಚ್ಚಿದರೆ ಕೈ ನಡುಗುವುದೆಂಬುದು ಸುಳ್ಳಲ್ಲ. ಪಳಗಿದ ಆಟಗಾರರಿಗೂ ಎರಡಡಿಯ ಚೆಂಡಿನ ಮುಂದೆ ಮಣಿಕಟ್ಟು ಸೆಳೆದುಕೊಳ್ಳುವುದುಂಟು. ಕೆಲವರಲ್ಲಿ ಇದು ನರಗಳ ವ್ಯಾಧಿ, ಕೆಲವರಲ್ಲಿ ಮನಸ್ಸಿನ ಉದ್ವೇಗವೆಂದು ವೈದ್ಯರು ಹೇಳುವರು. ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರನು ಇದಕ್ಕೆ ಮತ್ತೆ ಮತ್ತೆ ಸಿಕ್ಕಿ, ಪ್ರತಿ ಸಲವೂ ಕೋಲು ಹಿಡಿಯುವ ಕ್ರಮವನ್ನೇ ಬದಲಿಸಿ, 1985ರಲ್ಲಿಯೂ 1993ರಲ್ಲಿಯೂ ಮಾಸ್ಟರ್ಸ್ ಪಂದ್ಯವನ್ನು ಗೆದ್ದನು. ಬೆಂಗಳೂರಿನಲ್ಲಿ ಪಳಗಿದ ಅನಿರ್ಬನ್ ಲಾಹಿರಿಗೆ ಪಾಠದ ಕೊರತೆಯಿರಲಿಲ್ಲ. ಅವನ ಗುರು ವಿಜಯ್ ದಿವೇಚಾ. ಬಿಡದಿಯ ಬಳಿಯ ಗಾಲ್ಫ್ ಮೈದಾನದ ಮಗ್ಗುಲ ಹಳ್ಳಿಯಲ್ಲಿ ಬೆಳೆದ ಚಿಕ್ಕರಂಗಪ್ಪನಿಗೂ ಅವರೇ ಗುರು. ಲಾಹಿರಿಯು ವಿಪಶ್ಯನ ಧ್ಯಾನವನ್ನೂ ಅಭ್ಯಾಸಮಾಡಿದವನು. ಆದರೂ 2015ರಲ್ಲಿ ದಕ್ಷಿಣ ಕೊರಿಯದಲ್ಲಿ ನಡೆದ ಪ್ರೆಸಿಡೆಂಟ್ಸ್ ಕಪ್ಪಿನ ಕೊನೆಯ ದಿನ, ಕೊನೆಯ ಕುಳಿಯಲ್ಲಿ, ಕೆಲವೇ ಅಡಿಗಳ ಚೆಂಡು ಬೀಳಲಿಲ್ಲ. ಬಿದ್ದಿದ್ದರೆ ಆ ಜೋಡಿಯ ಪಂದ್ಯವು ಸಮವಾಗುತ್ತಿದ್ದಿತು. ಅವನ ತಂಡವು 15½ಕ್ಕೆ 14½ರಂತೆ ಸೋತಿತು.

ಹಾಗಾದರೆ ಪಾಠವು ವ್ಯರ್ಥವೇ? ಎಂಟಡಿಯ ದೂರದಿಂದ ಜಗತ್ತಿನ ಶ್ರೇಷ್ಠ ಆಟಗಾರರೂ ಸುಮಾರು ಅರ್ಧದಷ್ಟು ಸಲ ತಪ್ಪುವರು. ಪಾಠವು ತಪ್ಪನ್ನು ಇಲ್ಲವಾಗಿಸಲಾರದು. ಆದ ತಪ್ಪು ಯಾವುದೆಂದು ತಿಳಿಸಬಲ್ಲುದು. ಬೆಂಗಳೂರಿನ ಅದಿತಿ ಅಶೋಕ್ 2021ರ ಆಗಸ್ಟಿನಲ್ಲಿ ಟೋಕಿಯೋ ಒಲಿಂಪಿಕ್ಸಿಗೆ ಹೋದಾಗ ಲೋಕದ ಶ್ರೇಣಿಯಲ್ಲಿ ಆಕೆಯ ಸ್ಥಾನ 200. ದೂರ ಹೊಡೆಯುವುದರಲ್ಲಿ ಆಕೆ ಹಿಂದು. ಈ ತಟ್ಟುವಿಕೆಯ ಬಲದಿಂದಲೇ ನಾಲ್ಕು ದಿನ ಮೊದಲಿಗರ ಜೊತೆಯಲ್ಲಿ ನಿಂತಳು. ಚೀಲ ಹೊತ್ತು ಜೊತೆಗೆ ನಡೆದವರು ತಾಯಿ. ಕೊನೆಯ ಕುಳಿಯಲ್ಲಿ ಚೆಂಡು ಸ್ವಲ್ಪದರಲ್ಲಿ ತಪ್ಪಿ, ಪದಕಕ್ಕೆ ಒಂದೇ ಹೊಡೆತದ ಅಂತರದಲ್ಲಿ ನಾಲ್ಕನೆಯವಳಾದಳು.

ಆಟದ ನಿಬಂಧನೆಯೊಂದು ಇಲ್ಲಿ ವಿಚಾರಾರ್ಹವಾಗಿದೆ. ಪಂದ್ಯದ ಸುತ್ತು ನಡೆಯುತ್ತಿರುವಾಗ ಗುರುವಿನ ಸಲಹೆಯನ್ನು ಕೇಳುವಂತಿಲ್ಲ. ಚೀಲ ಹೊತ್ತವರನ್ನು ಮಾತ್ರ ಕೇಳಬಹುದು. 2019ರಿಂದ ಅವರೂ ಸಹ, ಆಡುವವನು ನಿಲುವು ತೆಗೆದುಕೊಳ್ಳಲು ತೊಡಗಿದ ಮೇಲೆ, ಗುರಿ ಸರಿಯಿದೆಯೇ ಎಂದು ನೋಡಲು ಚೆಂಡಿನ ಹಿಂದೆ ಗೆರೆಗೆ ನೇರವಾಗಿ ನಿಲ್ಲಕೂಡದು. ಗಾಡಿಯ ಹಿಂದಿನವನು ಅಲ್ಲಿಯೇ ನಿಲ್ಲಬೇಕು. ಕನ್ನಡಿಯನ್ನು ಅದಕ್ಕೂ ಮೊದಲೇ ಎತ್ತಿಟ್ಟಾಗಿದೆ.

ದುದ್ದದ ಹುಡುಗನಿಗೂ ಗುರು ಬೇಕೇ ಎಂದರೆ, ಈಗ ಬೇಡ. ಗೋಲಿಯು ಗುಳಿಗೆ ಬೀಳುತ್ತಿರುವಷ್ಟು ಕಾಲ ಅವನ ಬೆರಳನ್ನು ತಿದ್ದಲು ಹೋಗುವುದು ಉಚಿತವಲ್ಲ. ಬೀಳದೆ ಹೋಗುವ ದಿನ ಬಂದು, ಏಕೆ ಬೀಳಲಿಲ್ಲವೆಂದು ಅವನಾಗಿಯೇ ತಲೆಯೆತ್ತಿ ಕೇಳಿದಾಗ, ಜಗಲಿಯ ಮೇಲೆ ಕುಳಿತು ನೋಡುತ್ತಿದ್ದವರು ಹೇಳಬಹುದು.