ದಿನಚರಿಯ ಓದುಗ

ದಿನಚರಿಯನ್ನು ಬರೆಯುವವನಿಗೆ ಶೈಲಿಯ ಚಿಂತೆ ಏತಕ್ಕೆ ಎಂದು ವಿಚಾರವಂತರಾದ ಹಲವರು ಕೇಳುವುದುಂಟು. ಪ್ರಕಟಣೆಯ ಉದ್ದೇಶವಿಲ್ಲದೆ, ಕೀರ್ತಿಯ ಅಪೇಕ್ಷೆಯಿಲ್ಲದೆ, ದಿನದ ಕಡೆಯಲ್ಲಿ ತನ್ನ ಅನುಭವವನ್ನು ತನಗಾಗಿಯೇ ಗುರುತುಹಾಕಿಕೊಳ್ಳುವವನು ಮನಸ್ಸಿಗೆ ಬಂದಂತೆ ಬರೆದರೆ ಸಾಲದೆ, ಅಲ್ಲಿಯೂ ಪದಗಳ ಆಯ್ಕೆ, ವಾಕ್ಯದ ಹದ, ಧ್ವನಿಯ ಔಚಿತ್ಯ ಎಂದು ತಡೆದು ನಿಂತರೆ ಪ್ರಾಮಾಣಿಕತೆಗೇ ಭಂಗ ಬಾರದೆ, ಎಂಬುದು ಅವರ ತರ್ಕ. ಇದರ ತಳದಲ್ಲಿ ಎರಡು ಗ್ರಹಿಕೆಗಳಿವೆ: ಶೈಲಿಯು ಮೇಲಿನಿಂದ ತೊಡಿಸಿದ ಅಲಂಕಾರವೆಂಬುದು ಒಂದು, ದಿನಚರಿಗೆ ಓದುಗನೇ ಇಲ್ಲವೆಂಬುದು ಇನ್ನೊಂದು. ಹನ್ನೊಂದನೆಯ ಶತಮಾನದಲ್ಲಿಯೇ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಸ್ಥಾಪಿಸಿರುವಾಗ ಮೊದಲನೆಯ ಗ್ರಹಿಕೆಯನ್ನು ಮತ್ತೆ ಖಂಡಿಸಬೇಕಾದ್ದಿಲ್ಲ. ಎರಡನೆಯದನ್ನು ಮಾತ್ರ ಸಾವಧಾನವಾಗಿ ಪರಿಶೀಲಿಸತಕ್ಕದ್ದು.

ಮಾತು ಸ್ವಭಾವತಃ ಯಾರನ್ನೋ ಕುರಿತದ್ದು. ಏಕಾಂತದಲ್ಲಿ, ಬೀಗ ಹಾಕಿದ ಪೆಟ್ಟಿಗೆಗೆಂದು ಬರೆದ ವಾಕ್ಯವೂ ಯಾರದೋ ಕಡೆಗೆ ತಿರುಗಿಕೊಂಡೇ ಇರುತ್ತದೆ. ಆ ಯಾರೋ ಎಂಬಾತನು ಹತ್ತು ವರ್ಷಗಳ ಅನಂತರದ ತಾನೇ ಆಗಿರಬಹುದು, ಗತಿಸಿದ ತಂದೆಯಾಗಿರಬಹುದು, ಇಷ್ಟದೈವವಾಗಿರಬಹುದು, ತನ್ನನ್ನು ತಪ್ಪಾಗಿ ತಿಳಿದ ಲೋಕವಾಗಿರಬಹುದು. ಬರೆಯುವವನಿಗೆ ಅದು ತಿಳಿದಿರಬೇಕೆಂದಿಲ್ಲ. ಆದರೆ ವಾಕ್ಯಕ್ಕೆ ತಿಳಿದಿರುತ್ತದೆ. ಆದಕಾರಣ ತನಗೆ ಒಪ್ಪುವ ಶೈಲಿಯನ್ನು ಅರಸುವುದೆಂದರೆ, ಯಾರ ಸಮ್ಮುಖದಲ್ಲಿ ತನ್ನಿಂದ ಸತ್ಯವು ಹೊರಡಬಲ್ಲುದೋ ಅವರನ್ನು ಅರಸುವುದೇ ಎಂಬುದು ನನ್ನ ದೃಢವಾದ ನಂಬಿಕೆ.

ಕ್ರಿ.ಶ. 161ರಿಂದ 180ರ ವರೆಗೆ ರೋಮಿನ ಚಕ್ರವರ್ತಿಯಾಗಿದ್ದ ಮಾರ್ಕಸ್ ಆರೇಲಿಯಸನ ಟಿಪ್ಪಣಿಗಳನ್ನು ನೋಡಬೇಕು. ಅವನ ತಾಯ್ನುಡಿ ಲ್ಯಾಟಿನ್. ಆ ಭಾಷೆಯ ವಾಗ್ಮಿತೆಯನ್ನು ಅವನಿಗೆ ಫ್ರಾಂಟೊನಂತಹ ಆಚಾರ್ಯನು ಬೋಧಿಸಿದ್ದನು. ಆದರೂ ಡ್ಯಾನ್ಯೂಬ್ ಗಡಿಯ ಯುದ್ಧಗಳ ಕಾಲದಲ್ಲಿ ತನಗಾಗಿ ಬರೆದುಕೊಳ್ಳುವಾಗ ಅವನು ಹಿಡಿದದ್ದು ತತ್ತ್ವಶಾಸ್ತ್ರದ ಭಾಷೆಯಾಗಿದ್ದ ಗ್ರೀಕನ್ನು. ಅದಕ್ಕಿಂತಲೂ ಗಮನಾರ್ಹವಾದದ್ದು, ಅವನು ತನ್ನನ್ನು 'ನೀನು' ಎಂದು ಕರೆದುಕೊಂಡದ್ದು. ಬೆಳಗ್ಗೆ ಹಾಸಿಗೆಯಿಂದ ಏಳಲು ಮನಸ್ಸಾಗದಿದ್ದಾಗ ನೀನು ಏನನ್ನು ನೆನೆಯಬೇಕು, ಅಪಕಾರ ಮಾಡಿದವನ ಎದುರಿಗೆ ನೀನು ಹೇಗೆ ನಿಲ್ಲಬೇಕು, ಎಂದು ಅವನು ಕೇಳಿಕೊಳ್ಳುತ್ತಾನೆ. 'ನಾನು' ಎಂದು ಆರಂಭವಾದ ವಾಕ್ಯಕ್ಕೆ ಸಮಾಧಾನ ಹೇಳುವ ಚಪಲ ಸಹಜವಾಗಿಯೇ ಇರುತ್ತದೆ; 'ನೀನು' ಎಂದೊಡನೆ ಆ ಅವಕಾಶ ತಪ್ಪಿಹೋಗುತ್ತದೆ. ವಿಶಾಲವಾದ ಸಾಮ್ರಾಜ್ಯವನ್ನು ಆಳುತ್ತಿದ್ದವನನ್ನು ತಿದ್ದುವ ಅಧಿಕಾರ ಬೇರೆ ಯಾರಿಗೂ ಉಳಿದಿರಲಿಲ್ಲವಾಗಿ, ಅಂತಹವನೊಬ್ಬನನ್ನು ಅವನು ವ್ಯಾಕರಣದಿಂದಲೇ ಸೃಷ್ಟಿಸಿಕೊಳ್ಳಬೇಕಾಯಿತು. ಅದೇ ಗ್ರಂಥದ ಮೊದಲನೆಯ ಭಾಗದಲ್ಲಾದರೋ ಈ ನಿಷ್ಠುರತೆಯಿಲ್ಲ. ಅಲ್ಲಿ ಅವನು ತಾತ, ತಾಯಿ, ಗುರುಗಳು, ದೇವತೆಗಳು ಇವರನ್ನು ಒಬ್ಬೊಬ್ಬರನ್ನಾಗಿ ನೆನೆದು, ಅವರಿಂದ ತಾನು ಪಡೆದುದೇನೆಂಬುದನ್ನು ವಿನಯದಿಂದ ಹೇಳುತ್ತಾನೆ. ಎದುರಿಗಿರುವವರು ಬದಲಾದರು, ಒಬ್ಬನೇ ಮನುಷ್ಯನ ವಾಣಿಯೂ ಅದರೊಡನೆ ಬದಲಾಯಿತು.

ಜಪಾನಿನ ಕಿ ನೊ ತ್ಸುರಯುಕಿ ಇನ್ನೂ ದೂರ ಹೋದನು. ಟೋಸಾ ಪ್ರಾಂತದ ಅಧಿಪತ್ಯವನ್ನು ಮುಗಿಸಿ, ಸುಮಾರು 935ರಲ್ಲಿ, ಸಮುದ್ರಮಾರ್ಗವಾಗಿ ರಾಜಧಾನಿಗೆ ಹಿಂದಿರುಗುತ್ತಿದ್ದ ಈ ಕವಿಯು, ಆಸ್ಥಾನದ ಪುರುಷರೆಲ್ಲ ಚೀನೀ ಲಿಪಿ ಮತ್ತು ರೀತಿಯಲ್ಲಿ ದಿನಚರಿಯನ್ನಿಡುತ್ತಿದ್ದ ಕಾಲದಲ್ಲಿ, ತನ್ನ ಪ್ರವಾಸದ ದಿನಚರಿಯನ್ನು ದೇಶಭಾಷೆಯಲ್ಲಿ, ಅದೂ ಒಬ್ಬ ಸ್ತ್ರೀಯ ಧ್ವನಿಯಲ್ಲಿ ಬರೆದನು. ಟೋಸಾದಲ್ಲಿ ಅವನ ಪುಟ್ಟ ಮಗಳು ತೀರಿಕೊಂಡಿದ್ದಳು. ಉತ್ಸವಗಳನ್ನೂ ವಿಧಿಗಳನ್ನೂ ದಾಖಲಿಸಲು ಒಗ್ಗಿದ್ದ ಅಧಿಕಾರಿಯ ಗದ್ಯದಲ್ಲಿ ಆ ಶೋಕಕ್ಕೆ ಸ್ಥಳವಿರಲಿಲ್ಲ. ಅನ್ಯರ ಧ್ವನಿಯನ್ನು ಧರಿಸುವುದು ಅಸತ್ಯವಲ್ಲವೆ ಎಂದು ಆಕ್ಷೇಪಿಸಬಹುದು. ಅಸತ್ಯವು ಇದ್ದುದು ಅವನು ಬಿಟ್ಟುಹೋದ ಧ್ವನಿಯಲ್ಲಿ ಎಂದು ನಾನು ಉತ್ತರಿಸುತ್ತೇನೆ. ಏಕೆಂದರೆ ಅದು ಅವನ ಪದವಿಗೆ ಒಪ್ಪುತ್ತಿದ್ದ ಧ್ವನಿ, ಅವನ ಸಂಕಟಕ್ಕೆ ಅಲ್ಲ.

ಒಪ್ಪುವುದು ಎಂಬ ಮಾತನ್ನು ಸುಲಭವಾಗುವುದು ಎಂದು ತಿಳಿದರೆ ಮಾತ್ರ ಅನರ್ಥವಾದೀತು. ಜಿನೀವಾದ ಪ್ರಾಧ್ಯಾಪಕ ಆಮಿಯೆಲನು ತನ್ನ ಅಂತರಂಗದ ದಿನಚರಿಯನ್ನು ಸುಮಾರು 17,000 ಪುಟಗಳಷ್ಟು ಬರೆದನು. ಆತ್ಮಪರೀಕ್ಷೆಯ ಆ ಸೂಕ್ಷ್ಮತೆಗೆ ಸಾಟಿ ವಿರಳ. ಆದರೆ ತನ್ನ ದೌರ್ಬಲ್ಯವನ್ನು ಇಷ್ಟು ನಯವಾಗಿ ವರ್ಣಿಸಬಲ್ಲ ಶೈಲಿಯು ಕೈವಶವಾದ ಮೇಲೆ, ಆ ದೌರ್ಬಲ್ಯವನ್ನು ಬಿಡುವ ಅಗತ್ಯವೇ ಕಡಮೆಯಾಗುವ ಅಪಾಯವುಂಟು. ಅವನ ಓದುಗನು ಅವನನ್ನು ಅತಿಯಾಗಿ ಬಲ್ಲವನಾಗಿದ್ದನು, ಏನನ್ನೂ ಬೇಡದವನಾಗಿದ್ದನು. ಟಾಲ್‌ಸ್ಟಾಯ್ ಮಹಾಶಯನ ಕಷ್ಟ ಇದಕ್ಕೆ ವಿರುದ್ಧವಾದುದು. 1862ರಲ್ಲಿ, ವಿವಾಹಕ್ಕೆ ಮುಂಚೆ, ತನ್ನ ಯೌವನದ ದಿನಚರಿಗಳನ್ನು ವಧುವಿನ ಕೈಗಿತ್ತ ಅವನು, ಮುಪ್ಪಿನಲ್ಲಿ ಮನೆಯವರೂ ಶಿಷ್ಯರೂ ತನ್ನ ಪ್ರತಿಯೊಂದು ಸಾಲಿಗೆ ಕಾದಿರುವುದನ್ನು ಕಂಡು 1908ರಲ್ಲಿ ಒಂದು ಗುಪ್ತ ದಿನಚರಿಯನ್ನು ತೆರೆದನು. 1910ರಲ್ಲಿ, ಬಾಳಿನ ಕಡೆಯ ತಿಂಗಳುಗಳಲ್ಲಿ, ತನಗೊಬ್ಬನಿಗೇ ಎಂದು ಹೆಸರಿಟ್ಟು ಮತ್ತೊಂದನ್ನು.

ಕನ್ನಡದಲ್ಲಿ ದಿನಚರಿಯಿಡುವವನಿಗೆ ಎರಡು ಪರಂಪರೆಗಳು ಹಿನ್ನೆಲೆಯಾಗಿವೆ. ಹುಣಿಸೆಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕವಿಡುತ್ತಿದ್ದ ಶಾನುಭೋಗರದು ಒಂದು; ಅಲ್ಲಿ ಓದುಗನು ಸರ್ಕಾರ, ಸದ್ಗುಣವು ಸಂಕ್ಷೇಪ. ಹನ್ನೆರಡನೆಯ ಶತಮಾನದ ವಚನಕಾರರದು ಇನ್ನೊಂದು. ವಚನವು ದಿನಚರಿಯಲ್ಲ, ನಿಜ. ಆದರೆ ಅಕ್ಕಮಹಾದೇವಿಯ ಆತ್ಮನಿರೀಕ್ಷಣೆಯೆಲ್ಲವೂ ಚೆನ್ನಮಲ್ಲಿಕಾರ್ಜುನನ ಕಿವಿಗೆ ಬೀಳುವಂತೆ ನಡೆದದ್ದು, ಅಂಕಿತವನ್ನು ತೆಗೆದರೆ ಅದರ ಗದ್ಯವು ನಿಲ್ಲಲಾರದು, ಎಂಬುದು ನಮಗೆ ದೊಡ್ಡ ಪಾಠ. ಇಂಗ್ಲಿಷಿನಲ್ಲಿ ವಿದ್ಯಾಭ್ಯಾಸ ಮಾಡಿದ ನಮ್ಮವರು ಆ ಭಾಷೆಯಲ್ಲಿಯೇ ದಿನಚರಿ ಬರೆಯುವುದನ್ನು ಕಂಡು ನಾನು ಹಿಂದೆ ಖೇದಪಡುತ್ತಿದ್ದೆ. ಮನೆಯ ಮಾತಿನಲ್ಲಿ ಬರೆಯಿರಿ ಎಂದು ಈಗಲೂ ಹೇಳುತ್ತೇನೆ. ಆದರೆ ಮಾರ್ಕಸನ ಗ್ರೀಕನ್ನು ನೆನೆದಾಗ, ನೋವು ತೀರ ಸಮೀಪವಾಗಿರುವ ದಿನ ದೂರದ ಭಾಷೆಯೊಂದು, ಅಥವಾ ಗ್ರಾಂಥಿಕವಾದ ಕನ್ನಡವೇ, ಕೈಹಿಡಿದು ನಡೆಸಬಹುದೆಂದು ಒಪ್ಪಬೇಕಾಗುತ್ತದೆ. ಪರೀಕ್ಷೆಯೊಂದುಂಟು. ಕೆಲವು ತಿಂಗಳ ಮೇಲೆ ಹಳೆಯ ಪುಟಗಳನ್ನು ಓದಿದಾಗ ಯಾವ ವಾಕ್ಯ ಯಾರು ಬರೆದರೂ ಆಗಬಹುದಾಗಿತ್ತೆಂದು ತೋರುವುದೋ, ಅಲ್ಲಿ ಬರೆಯುವವನು ತನ್ನ ಓದುಗನನ್ನು ಕಳೆದುಕೊಂಡಿದ್ದನೆಂದು ತಿಳಿಯಬೇಕು. ಆ ಪುಟಗಳನ್ನು ಹರಿಯಬಾರದು. ದಾರಿ ಎಲ್ಲಿ ತಪ್ಪಿತೆಂಬುದಕ್ಕೆ ಅವೇ ಸಾಕ್ಷಿ.

ಇಂಗ್ಲೆಂಡಿನ ನೌಕಾ ಇಲಾಖೆಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸನು 1660ರಿಂದ ಶೀಘ್ರಲಿಪಿಯಲ್ಲಿ ಬರೆಯುತ್ತಿದ್ದ ದಿನಚರಿಯನ್ನು, ಕಣ್ಣು ಹೋದೀತೆಂಬ ಭಯದಿಂದ, 1669ರ ಮೇ 31ರಂದು ನಿಲ್ಲಿಸಿದನು. ಗುಮಾಸ್ತರಿಂದ ಬರೆಯಿಸಲು ಅವನಿಗೆ ಅಡ್ಡಿಯಿರಲಿಲ್ಲ. ಆದರೆ ಹಾಗೆ ಬರೆಯಿಸಿದುದರಲ್ಲಿ ಲೋಕಕ್ಕೆ ತಿಳಿಯಬಹುದಾದಷ್ಟು ಮಾತ್ರ ಉಳಿಯುವುದೆಂದು ಅವನೇ ಆ ಕಡೆಯ ದಿನ ಗುರುತಿಸಿದನು. ಅವನು ಕುರುಡನಾಗಲಿಲ್ಲ, 1703ರ ವರೆಗೆ ಬದುಕಿ, ಆ ಆರು ಸಂಪುಟಗಳನ್ನು ಹರಿದುಹಾಕದೆ, ತನ್ನ ಗ್ರಂಥಭಂಡಾರದೊಡನೆ ಕೇಂಬ್ರಿಜಿನ ಮಾಡ್ಲಿನ್ ಕಾಲೇಜಿಗೆ ಸೇರುವಂತೆ ಏರ್ಪಡಿಸಿದನು. ಅವನ್ನು ಓದಬಲ್ಲ ಒಬ್ಬನು ಎಂದಾದರೂ ಬಂದಾನೆಂದು ಅವನು ಎಣಿಸಿದ್ದಿರಬೇಕು.